ಮೂರು ಸಂಘ, ಎರಡು ಕಣ್ಣು

ಬಡವರಿಗೆ ಉಪಕಾರ ಮಾಡೋಕೆ ಒಬ್ಬರು ಬಂದರೆ ಹೇಗೋ ನಿಭಾಯಿಸಬಹುದು. ಮೂರು ಜನ ಕೈ ಜೋಡಿಸಿಕೊಂಡು ಬಂದರೆ ಬಡವರೇ ಜೋಪಾನವಾಗಿರಬೇಕು. ಕೃಷ್ಣರಾಜನಗರದ ಬಸ್ ಸ್ಟ್ಯಾಂಡ್ ಹಿಂದಿನ ನಮ್ಮ ಬೀದಿಗೆ ಇಂಥ ಉಪಕಾರ ವರ್ಷಕ್ಕೊಂದಾದರೂ ಬರೋದು. ಅದರಲ್ಲಿ ಪಕ್ಕದ ಮನೆ ಹೂವಿನವಳ ಕಣ್ಣಿನ ಕಥೆ ಹೇಳದಿದ್ದರೆ ನನಗೆ ಉಂಡ ಅನ್ನ ಅರಗೋಲ್ಲ.

ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೂವು ಕಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಮಾರಿದರೇ ಅವಳ ಒಲೆ ಉರಿಯೋದು. ಕಣ್ಣು ಕಾಣದೆ ಕಾಕಡದ ಜೊತೆ ಎಲೆ, ಕಡ್ಡಿ, ಕೈಗೆ ಸಿಕ್ಕಿದ್ದೆಲ್ಲ ಸೇರಿಸಿ ಕಟ್ಟೋಕೆ ಶುರು ಮಾಡಿದಳು. ಕೊಳ್ಳೋಕೆ ಬಂದವರು, "ಇದೇನವ್ವ, ಮುಡ್ಕೊಳ್ಳೋಕಾ, ಮೇಕೆಗೆ ಹಾಕೋಕಾ?" ಅಂತ ಕೇಳಿ ಮುಂದಿನ ಬುಟ್ಟಿಗೆ ಹೋಗೋರು.

೧. ಬರ್ಕೊಳ್ಳೋರು

ಆ ವರ್ಷ ವರ್ತಕರ ಸಂಘ, ಮಹಿಳೆಯರ ಸಂಘ, ಕಾರಿಟ್ಟುಕೊಂಡ ದೊಡ್ಡೋರ ಕ್ಲಬ್ಬು, ಮೂರೂ ಒಂದಾದವು. ಕಷ್ಟದಲ್ಲಿರೋರಿಗೆ ಪುಕ್ಕಟೆ ಕಣ್ಣಿನ ಆಪರೇಷನ್ ಅಂತ ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರು. ಬೆಳಿಗ್ಗೆ ಒಬ್ಬರು ಬಂದು ಹೂವಿನವಳ ಹೆಸರು, ವಯಸ್ಸು ಬರ್ಕೊಂಡರು. ಮಧ್ಯಾಹ್ನ ಇನ್ನೊಬ್ಬರು ಬಂದು ಅದನ್ನೇ ಬರ್ಕೊಂಡರು. ಸಂಜೆಗೆ ಮೂರನೆಯವರು ಬಂದರು.

"ಬೆಳಿಗ್ಗೇನೇ ಎಲ್ಲಾ ಬರ್ಸಿದ್ನಲ್ಲ ಸ್ವಾಮಿ" ಅಂದಳು.

"ಅವರು ಬೇರೆ ಸಂಘ ಕಣಮ್ಮ."

"ಎಲ್ರೂ ಒಂದಾಗಿದೀವಿ ಅಂತ ಮೈಕಲ್ಲಿ ಕೂಗುದ್ರಲ್ಲ?"

"ಒಂದಾಗಿರೋದಕ್ಕೇ ಮೂರು ಸಲ. ಬೇರೆ ಬೇರೆ ಇದ್ದಿದ್ರೆ ಒಂದೇ ಸಲ ಬರ್ಕೊಳ್ತಿದ್ವಿ."

ಅವಳಿಗೂ ವಯಸ್ಸು ಸರಿಯಾಗಿ ಗೊತ್ತಿರಲಿಲ್ಲ, ಕೇಳಿದಾಗೆಲ್ಲ ಬಾಯಿಗೆ ಬಂದದ್ದು ಹೇಳಿದಳು. ಬೆಳಿಗ್ಗೆಗಿಂತ ಸಂಜೆಗೆ ಎಂಟು ವರ್ಷ ಚಿಕ್ಕವಳಾಗಿದ್ದಳು. ಮೂರು ಸಂಘದಲ್ಲಿ ಒಬ್ಬರೂ ಅದು ಹೇಗೆ ಅಂತ ಕೇಳಲಿಲ್ಲ.

೨. ಪಾಸಾದಳು

ಸ್ಕೂಲಿನಲ್ಲಿ ತಪಾಸಣೆ ಇಟ್ಟರು. ನೋಡೋಕೆ ಕೂತಿದ್ದವನು ಡಾಕ್ಟರಲ್ಲ, ವರ್ತಕರ ಸಂಘದವರು ಕಳಿಸಿದ್ದ ಕನ್ನಡಕದ ಅಂಗಡಿಯವನು. ದೂರದಲ್ಲಿ ಬೆರಳು ಎತ್ತಿ ಹಿಡಿದು "ಎಷ್ಟು?" ಅಂದ. ಹೂವಿನವಳು ತಡವರಿಸಿದಳು. ಅಷ್ಟು ಜನದ ಮುಂದೆ ಅವಳ ಮಾನ ಹೋಗಬಾರದಲ್ಲ, ಹಿಂದೆ ನಿಂತಿದ್ದ ನಾನು ಬೆನ್ನಿಗೆ ಮೂರು ಸಲ ತಿವಿದೆ.

"ಮೂರು" ಅಂದಳು.

ಆಮೇಲೆ ಎರಡು ಸಲ ತಿವಿದೆ. "ಎರಡು." ಸಾಲಿನಲ್ಲಿದ್ದ ಹೆಂಗಸರಿಗೂ ಕರುಣೆ ಉಕ್ಕಿತು. "ಈಗ ಐದು ಕಣಕ್ಕ" ಅಂತ ಪಿಸುಗುಟ್ಟಿದರು. ಎಲ್ಲಾ ಸರಿ ಹೇಳಿದಳು. ಅವನು "ಕಣ್ಣು ಚೆನ್ನಾಗಿದೆ, ಆಪರೇಷನ್ ಬೇಡ" ಅಂತ ಚೀಟಿ ಬರೆದುಕೊಟ್ಟ.

ಗೆದ್ದವರ ಹಾಗೆ ಮನೆಗೆ ಬಂದು ಕಾಫಿ ಕುಡಿದೆವು. ಲೋಟ ಕೆಳಗಿಟ್ಟ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಅಕ್ಕ, ನಾವು ಪಾಸಾಗೋಕೆ ಹೋಗಿದ್ವಾ, ಫೇಲಾಗೋಕೆ ಹೋಗಿದ್ವಾ?"

೩. ಅದು ಅವರದು, ಇದು ಇವರದು

ತಪ್ಪು ನನ್ನದೇ ಅಂತ ಮಾರನೇ ದಿನ ಅವಳ ಕೈ ಹಿಡ್ಕೊಂಡು ಹೊರಟೆ. ವರ್ತಕರು, "ನಾವು ತಪಾಸಣೆ ಮುಗಿಸಿ ಪಟ್ಟಿ ಕಾರಿನವರಿಗೆ ಕೊಟ್ಟಾಯ್ತು" ಅಂದರು. ಕಾರಿನವರು, "ನಮ್ಮದು ಮೈಸೂರು ಆಸ್ಪತ್ರೆಗೆ ವ್ಯಾನು ಮಾತ್ರ. ಪಟ್ಟೀಲಿ ಹೆಸರಿಲ್ದೋರಿಗೆ ಆಪರೇಷನ್ ಇಲ್ಲ. ಸೀಟು ಖಾಲಿ ಇದೆ, ಬೇಕಾದ್ರೆ ಸುಮ್ನೆ ಹೋಗಿ ಬನ್ನಿ" ಅಂದರು. ಮಹಿಳೆಯರು ಬಹಳ ಪ್ರೀತಿಯಿಂದ, "ನಮ್ಮದು ಊಟ. ಕಣ್ಣು ಕಂಡರೂ ಬಡಿಸ್ತೀವಿ, ಕಾಣದಿದ್ದರೂ ಬಡಿಸ್ತೀವಿ" ಅಂದರು.

"ಬುಡಕ್ಕ" ಅಂದಳು ಹೂವಿನವಳು. "ವ್ಯಾನಲ್ಲಿ ಮೈಸೂರು ನೋಡ್ಕಂಡು, ಉಂಡ್ಕಂಡು ಬರನ ಅಂದ್ರೆ, ಮೈಸೂರು ನೋಡಕೂ ಕಣ್ಣು ಬೇಕಲ್ಲ."

೪. ಕತ್ತರಿ

ವ್ಯಾನು ಹೊರಡೋ ದಿನ ದೊಡ್ಡ ಸಮಾರಂಭ. ಮೈಸೂರಿನಿಂದ ನಿಜವಾದ ಕಣ್ಣಿನ ಡಾಕ್ಟರೇ ಬರ್ತಾರೆ ಅಂತ ತಿಳೀತು. ಅವರ ಕಾಲನ್ನೇ ಹಿಡಿದುಬಿಡೋಣ ಅಂತ ನನ್ನ ಮಗಳ ಮದುವೆಗೆ ತಂದಿದ್ದ ರೇಷ್ಮೆ ಸೀರೆ ತೆಗೆದು ಅವಳಿಗೆ ಉಡಿಸಿದೆ.

"ಬಡವಿ ಅಂತ ಹೇಳ್ಕೊಳ್ಳೋಕೆ ರೇಷ್ಮೆ ಯಾಕಕ್ಕ?"

"ಬಡತನ ಮನೇಲಿರ್ಲಿ ಕಣೆ. ದೊಡ್ಡೋರ ಮುಂದೆ ಅದನ್ನ ಉಟ್ಕೊಂಡು ಹೋಗ್ತಾರಾ?"

ಶಾಮಿಯಾನದ ಬಾಗಿಲಲ್ಲಿ ಮಹಿಳೆಯರ ಸಂಘದ ಹೊಸ ಹುಡುಗಿಯೊಬ್ಬಳು ಸೀರೆ ನೋಡಿದವಳೇ, "ಬನ್ನಿ ಅಮ್ಮಾ, ನಿಮಗೇ ಕಾಯ್ತಿದ್ವಿ" ಅಂತ ಇವಳ ಕೈ ಹಿಡಿದು ಒಳಗೆ ಕರ್ಕೊಂಡು ಹೋದಳು. ವ್ಯಾನಿಗೆ ದುಡ್ಡು ಕೊಟ್ಟ ಸಾಹುಕಾರರ ತಾಯಿ ಉದ್ಘಾಟನೆಗೆ ಬರಬೇಕಿತ್ತು ಅಂತ ನನಗೆ ಆಮೇಲೆ ಗೊತ್ತಾದದ್ದು. ಹೂವಿನವಳು, ಆಪರೇಷನ್ನಿಗೇ ಕರ್ಕೊಂಡು ಹೋಗ್ತಾರೆ ಅಂದ್ಕೊಂಡು ಖುಷಿಯಾಗಿ ನಡೆದಳು.

ವ್ಯಾನಿನ ಮುಂದೆ ನಿಲ್ಲಿಸಿ ಕೈಗೆ ಕತ್ತರಿ ಕೊಟ್ಟು, "ಟೇಪು ಕತ್ತರಿಸಿ ಅಮ್ಮಾ" ಅಂದರು. ಅವಳು ಗಾಳಿಯಲ್ಲಿ ತಡಕಿದಳು. ಪಕ್ಕದಲ್ಲಿ ನಿಂತಿದ್ದ ಕ್ಲಬ್ಬಿನ ಅಧ್ಯಕ್ಷರ ಜರಿ ಶಾಲಿನ ತುದಿ ಸಿಕ್ಕಿತು. ಹೂವಿನ ದಾರ ಕತ್ತರಿಸಿ ಪಳಗಿದ ಕೈ, ಒಂದೇ ಸಲಕ್ಕೆ ಕಚಕ್ ಅನ್ನಿಸಿದಳು. ಜನ ಅಭ್ಯಾಸದಂತೆ ಚಪ್ಪಾಳೆ ಹೊಡೆದರು.

ಡಾಕ್ಟರು ಮಾತ್ರ ಎದ್ದು ಬಂದು ಅವಳ ರೆಪ್ಪೆ ಎತ್ತಿ ನೋಡಿದರು. "ಈಯಮ್ಮನಿಗೆ ಏನೂ ಕಾಣ್ತಿಲ್ಲವಲ್ರೀ. ಈಗಲೇ ವ್ಯಾನು ಹತ್ತಿಸಿ, ನಾಳೆ ಮೊದಲನೇ ಆಪರೇಷನ್ ಇವರದೇ."

ಅಧ್ಯಕ್ಷರು ಅರ್ಧ ಶಾಲು ಹೊದ್ದುಕೊಂಡೇ ಮೈಕು ಹಿಡಿದರು: "ಇಂಥ ನೊಂದ ಜೀವಗಳನ್ನ ಹುಡುಕಿ ಹುಡುಕಿ ಕರೆತರೋದೇ ನಮ್ಮ ಮೂರೂ ಸಂಘಗಳ..."

ಹೂವಿನವಳು ದನಿ ಬಂದ ಕಡೆಗೆ ಕತ್ತರಿ ಸಮೇತ ತಿರುಗಿದಳು. "ಸ್ವಾಮಿ, ಇನ್ನೂ ಕತ್ತರ್ಸೋದು ಏನಾರ ಉಳ್ದದಾ?"

ಅಧ್ಯಕ್ಷರ ಬಾಯಿಂದ ಅಷ್ಟು ಚಿಕ್ಕ ಭಾಷಣ ನಮ್ಮೂರು ಅಲ್ಲೀವರೆಗೂ ಕೇಳಿರಲಿಲ್ಲ.