ಹೇಳಬಾರದ ಪಾಸ್‌ವರ್ಡ್

ಹೆಮ್ಮೆ ದೇವರಿಗೆ ಸೇರುವುದಿಲ್ಲ ಎಂಬುದು ನನಗೆ ಗೊತ್ತು. ದಿನಾ ವಿಭೂತಿ ಹಚ್ಚಿಕೊಳ್ಳುವಾಗ “ಅಹಂಕಾರ ಕೊಡಬ್ಯಾಡಪ್ಪಾ” ಎಂದು ಬೇಡಿಕೊಳ್ಳುವವಳೇ ನಾನು. ಆದರೆ ಹಂಚಿನ ಮೇಲೆ ಉಬ್ಬುವ ರೊಟ್ಟಿ ಬಿಟ್ಟರೆ ಬೇರೆ ಯಾವುದಕ್ಕೂ ಮೆಚ್ಚುಗೆ ಕಾಣದ ಹೆಂಗಸು, ಜನ್ಮದಲ್ಲಿ ಒಂದು ಸಲ ಬೀಗಿದರೆ ಶಿವ ಮುನಿಸಿಕೊಳ್ಳಲಾರ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಗಳು ಗಿರಿಜಾಗೆ, ಮನೆಯಲ್ಲೇ ಕುಳಿತು ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸವೊಂದರ ಸಂದರ್ಶನ ಬಂದಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ, ಅದೂ ಲ್ಯಾಪ್‌ಟಾಪಿನಲ್ಲೇ ಆಗಬೇಕು, ಮೊಬೈಲು ನಡೆಯುವುದಿಲ್ಲ. ನಮ್ಮ ಮನೆಯವರು ನರಗುಂದಕ್ಕೆ ಹೋಗಿ, ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರೊಬ್ಬರು ಬಳಸಿದ ಲ್ಯಾಪ್‌ಟಾಪನ್ನು ಕೊಂಡು, ಟವೆಲಿನಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಗಜೇಂದ್ರಗಡಕ್ಕೆ ತಂದರು. ನಾನು ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದೆ. ಗಿರಿಜಾ ಮುಚ್ಚಳ ತೆರೆದಳು. ಅದು ಪಾಸ್‌ವರ್ಡ್ ಕೇಳಿತು.

“ಅಪ್ಪಾ, ಪಾಸ್‌ವರ್ಡ್ ಏನಂತ?”

“ಅಕ್ಕೋರ ತಗದು ತೋರಿಸಿದ್ರವಾ. ಚಲೋ ನಡೀತಿತ್ತು. ಚಾ ಕುಡದು ಬಂದೆ.”

ಇವರನ್ನು ಸಂತೆಗೆ ಕಳಿಸಿದರೆ ಬದನೆಕಾಯಿಯನ್ನೂ ಹೀಗೇ ತರುತ್ತಾರೆ, ಮೇಲಿನ ಹೊಳಪು ನೋಡಿ. ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಯವನು ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು, ನಾಳೆ ಸಂಜೆ ಕೊಡುತ್ತೇನೆ ಅಂದ. ನಾಳೆ ಸಂಜೆಗೆ ಕೆಲಸ ಇನ್ನೊಬ್ಬರ ಪಾಲಾಗಿರುತ್ತದೆ. ಗಿರಿಜಾ ಅಕ್ಕೋರಿಗೆ ಫೋನ್ ಹಚ್ಚಿದಳು. ನಾವೆಲ್ಲ ಕೇಳುವಂತೆ ಸ್ಪೀಕರ್ ಹಾಕಿದಳು.

“ಪಾಸ್‌ವರ್ಡ್ ಏನೂ ಮರತಿಲ್ಲವಾ,” ಅಂದರು ಅಕ್ಕೋರು. “ನಮ್ಮ ಮನಿಯವರ ಹೆಸರ ಇಟ್ಟೇನಿ.”

“ಹಂಗಾರ ಹೇಳ್ರಿ, ಬರಕೋತೀನಿ.”

“ಅಯ್ಯ ಶಿವನ! ಗಂಡನ ಹೆಸರ ಬಾಯಿಲೇ ಹ್ಯಾಂಗ ಹೇಳಲಿ?”

“ದಿನಾ ನೀವ ಒತ್ತತಿದ್ರಲ್ಲರೀ?”

“ಅಲ್ಲಿ ಬರೇ ಚುಕ್ಕಿ ಬೀಳತಿದ್ದುವು. ಹೆಸರ ಎಲ್ಲಿ ಕಾಣತಿತ್ತು?”

ಗಿರಿಜಾ ತಲೆ ಹಿಡಿದುಕೊಂಡಳು. ನನಗೆ ಮಾತ್ರ ಆ ವಾದದಲ್ಲಿ ತಪ್ಪು ಕಾಣಲಿಲ್ಲ. ಅಕ್ಕೋರ ಯಜಮಾನರನ್ನೇ ಕೇಳೋಣವೆಂದರೆ ಅವರು ಅಷ್ಟರಲ್ಲಿ ಫೋನನ್ನು ಮನೆಯಲ್ಲೇ ಬಿಟ್ಟು ರೋಣಕ್ಕೆ ಮದುವೆಗೆ ಹೋಗಿದ್ದರು, ಬರುವುದು ನಾಳೆ ರಾತ್ರಿ. ಅವರ ಎದುರಿಗೇ ಕುಳಿತು ಚಹಾ ಕುಡಿದು ಬಂದ ನಮ್ಮವರಿಗೆ ಹೆಸರು ಗೊತ್ತೇ ಎಂದರೆ, “ನಾ ಸರ ಅಂದೆ, ಅವರೂ ಸರ ಅಂದ್ರು” ಅಂದರು.

ಆಗ ನಾನು ಹಿಟ್ಟಿನ ಕೈ ತೊಳೆದುಕೊಂಡು ಫೋನ್ ಇಸಿದುಕೊಂಡೆ. ಗಣಿತ ನನಗೆ ಬರುವುದಿಲ್ಲ, ಒಡಪು ಬರುತ್ತದೆ. ಮದುವೆ ಮನೆಯಲ್ಲಿ ಗಂಡನ ಹೆಸರು ಹೇಳದೆ ಹೊಸ್ತಿಲು ದಾಟಗೊಡುವುದಿಲ್ಲವೆಂದು ದಾರಿ ಅಡ್ಡಗಟ್ಟಿದಾಗ, ಎರಡು ಸಾಲಿನ ಪದ್ಯದಲ್ಲಿ ಹೆಸರನ್ನು ಹುದುಗಿಸಿ ಹೇಳುತ್ತೇವಲ್ಲ, ಅದು. ಹಾಗೆ ಹೇಳಿದರೆ ದೋಷವಿಲ್ಲ.

“ಅಕ್ಕೋರ, ಬಾಯಿಲೇ ಹೇಳಬ್ಯಾಡ್ರಿ. ಒಡಪ ಹಾಕಿ ಹೇಳ್ರಿ.”

ಆ ಕಡೆ ನಗು ಕೇಳಿಸಿತು. “ಮೊದಲ ನೀವ ಹೇಳ್ರಿ. ಆಮ್ಯಾಲ ನಾನು.”

ಇದೂ ಪದ್ಧತಿಯೇ. ಆದರೆ ನಮ್ಮವರು ಅಲ್ಲೇ ಎದುರಿಗೆ ಚಹಾದ ಬಸಿ ಹಿಡಿದು ಕುಳಿತಿದ್ದರು. ಇಪ್ಪತ್ನಾಲ್ಕು ವರ್ಷ ಅವರನ್ನು “ಏನ್ರೀ” ಎಂದೇ ಕರೆದವಳು ನಾನು. ಮಗಳ ಮುಖ ನೋಡಿದೆ. ಕಣ್ಣು ಮುಚ್ಚಿದೆ.

“ಕಾಲಕಾಲೇಶ್ವರನ ಗುಡಿಗೆ ಮೆಟ್ಟಲ ನೂರಾರು, ಕೈ ಹಿಡದು ಹತ್ತಿಸ್ಯಾರ ನಮ್ಮ ಈರಪ್ಪನವರು.”

ಬಸಿಯಲ್ಲಿದ್ದ ಚಹಾ ಇವರ ಧೋತರದ ಮೇಲೆ ಬಿತ್ತು. ಅಕ್ಕೋರು ಗಂಟಲು ಸರಿ ಮಾಡಿಕೊಂಡು, ಪ್ರಾರ್ಥನೆ ಹೇಳಿಸುವ ದನಿಯಲ್ಲಿ ಶುರು ಮಾಡಿದರು:

“ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ, ಮಲ್ಲಪ್ಪನವರ ಹೆಸರ ಹೇಳೇನಿ ಹುಡಗೀ ಕೆಲಸಕ.”

ಗಿರಿಜಾ ಒತ್ತಿದಳು. ಚುಕ್ಕಿಗಳು ಬಿದ್ದವು. ಲ್ಯಾಪ್‌ಟಾಪ್ ತೆರೆಯಿತು. ನಾನು ದೇವರ ಜಗಲಿಯ ಮೇಲಿನ ಲಿಂಗಕ್ಕೂ ನರಗುಂದದ ದಿಕ್ಕಿಗೂ ಕೈ ಮುಗಿದೆ. ಮರುದಿನ ಹತ್ತಕ್ಕೆ ಕರೆಂಟು ಹೋಗಲಿಲ್ಲ, ಎದುರುಮನೆಯ ನಾಯಿ ಬೊಗಳಲಿಲ್ಲ. ಇವೂ ದೇವರ ಲೆಕ್ಕದವೇ. ನಾಲ್ಕು ದಿನಕ್ಕೆ ಕೆಲಸ ಸಿಕ್ಕಿದ ಸುದ್ದಿ ಬಂತು.

ಈ ಕಥೆಯನ್ನು ನಾನು ಎಲ್ಲೂ ಹೇಳಬಾರದಿತ್ತು. ಆದರೆ ನಳದ ಹತ್ತಿರ ಹೇಳಿದೆ, ಗುಡಿಯಲ್ಲಿ ಹೇಳಿದೆ, ಸೀರೆ ಅಂಗಡಿಯಲ್ಲಿ, ಜಕ್ಕಲಿಯಿಂದ ಬಂದ ನಾದಿನಿಗೆ, ರಿಪೇರಿ ಅಂಗಡಿಯವನಿಗೆ ಅವನ ಮುಖಕ್ಕೇ ಹೇಳಿದೆ. ಒಡಪಿಲ್ಲದೆ ಕಥೆಗೆ ರುಚಿ ಎಲ್ಲಿ? ಹೀಗಾಗಿ ಪ್ರತಿ ಸಲವೂ ರಾಗವಾಗಿ ಪೂರ್ತಿ ಹೇಳಿದೆ. ವಾರದೊಳಗೆ ನಮ್ಮ ಓಣಿಯಲ್ಲಿ ಆ ಲ್ಯಾಪ್‌ಟಾಪ್ ತೆರೆಯಲು ಬಾರದವರು ಯಾರೂ ಉಳಿಯಲಿಲ್ಲ.

ಗಿರಿಜಾ ಈಗ ಹೊಸ ಪಾಸ್‌ವರ್ಡ್ ಇಟ್ಟಿದ್ದಾಳೆ. ಏನಂತ ಕೇಳಿದೆ.

“ನಿನಗ ಹೇಳೂದೂ ಒಂದ, ಬಸ್‌ಸ್ಟ್ಯಾಂಡಿನ ಮೈಕಿನಾಗ ಕೂಗೂದೂ ಒಂದ, ಅವ್ವಾ,” ಅಂದಳು.