ನಡುಗುವ ಕೈಗೆ ನಾನಾ ಉಪಾಯ

ಮನಸ್ಸನ್ನು ಶಾಂತ ಮಾಡಿಕೊಳ್ಳಲು ಹೊರಟವನಿಗೆ ಶಾಂತಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ನನ್ನ ಪಾಲಿಗಂತೂ ಹಾಗೇ ನಡೆದು ಬಂದಿದೆ.

ಬೀದರ್ ಕಡೆಯಿಂದ ಮರಾಠಿ ಸೀಮೆಗೆ ಬಂದು ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಮಷೀನು ನಡೆಸುವವನು ನಾನು. ಈಚೆಗೆ ಕೆಲಸಗಾರರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸತೊಡಗಿದ ಮೇಲೆ ನನ್ನ ಎಡಗೈ ನಡುಗಲು ಹತ್ತಿತು. ಸಾಹೇಬರು ನೋಡಿದರು. ಸೋಮವಾರ ಕಂಪನಿ ಡಾಕ್ಟರು ಕೈ ನೋಡುತ್ತಾರೆ, ನಡುಗಿದರೆ ಗೇಟಿನ ಹೊರಗೇ ಎಂದರು. ಅದನ್ನು ಕೇಳಿ ಬಲಗೈಯೂ ನಡುಗಿತು.

೧. ಉಸಿರು

ನಮ್ಮ ಗಲ್ಲಿಯ ಡಾಕ್ಟರು, ರೋಗವೇನಿಲ್ಲ, ಹೆದರಿಕೆ. ಮೆಲ್ಲಗೆ ಉಸಿರು ಎಳೆದು ಅದಕ್ಕಿಂತ ಮೆಲ್ಲಗೆ ಬಿಡಿ ಎಂದರು. ಮರುದಿನ ಕಂಪನಿ ಬಸ್ಸಿನಲ್ಲಿ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಡುತ್ತ ಕೂತೆ. ಪಕ್ಕದಲ್ಲಿದ್ದ ನಮ್ಮೂರ ಕಡೆಯ ಗೆಳೆಯ ಭುಜದ ಮೇಲೆ ಕೈಯಿಟ್ಟ.

“ಯಾರ್ ಹೋದರ್ರಿ ಅಣ್ಣಾ?”

ಮಾತಾಡಿದರೆ ಉಸಿರು ತಪ್ಪುತ್ತದೆಂದು ಬರೇ ತಲೆ ಅಲ್ಲಾಡಿಸಿದೆ. ದುಃಖಕ್ಕೆ ಮಾತು ಬರುತ್ತಿಲ್ಲ ಎಂದುಕೊಂಡ. ಸಂಜೆ ಅರ್ಧ ಬಸ್ಸು ನಮ್ಮ ಮನೆಯಲ್ಲಿ ತಲೆ ತಗ್ಗಿಸಿ ಕೂತಿತ್ತು. ಹೆಂಡತಿ ಚಹಾ ಕೊಟ್ಟಳು; ಸಾವಿನ ಮನೆಯೆಂದು ಯಾರೂ ಮುಟ್ಟಲಿಲ್ಲ. ಯಾರೂ ಸತ್ತಿಲ್ಲವೆಂದು ನಾನು ಆಣೆ ಮಾಡಿದ ಮೇಲೆ ಚಹಾ ಇನ್ನೊಮ್ಮೆ ಬಿಸಿ ಮಾಡಬೇಕಾಯಿತು.

೨. ಮಣ್ಣು

ಬರಿಗಾಲಲ್ಲಿ ಮಣ್ಣು ತುಳಿಯಿರಿ ಎಂದೂ ಡಾಕ್ಟರು ಹೇಳಿದ್ದರು. ನಮ್ಮ ಗಲ್ಲಿಯಲ್ಲಿ ಮಣ್ಣು ಉಳಿದಿರುವುದು ಬೇವಿನ ಮರದ ಸುತ್ತ ಮಾತ್ರ. ವಿಭೂತಿ ಹಚ್ಚಿಕೊಂಡ ನಾನು ಬರಿಗಾಲಲ್ಲಿ ಮರ ಸುತ್ತುವುದನ್ನು ಕಂಡು ಒಬ್ಬ ಮರಾಠಿ ಅಜ್ಜಿ, ಗಲ್ಲಿಗೆಲ್ಲ ಆಜಿ, ಬೆನ್ನಿಗೆ ಬಂದಳು, ಆಮೇಲೆ ಅವಳ ಓರಗೆಯವರು. ಮರಕ್ಕೆ ಕುಂಕುಮ ಏರಿತು, ದಾರ ಸುತ್ತಿತು. ಮುಂದೊಂದು ಬೆಳಿಗ್ಗೆ ನಾನು ಹೋದರೆ, ಸಾಲು ಹಿಂದಿನಿಂದ ಇದೆ ಎಂದು ಆಜಿ ಮರಾಠಿಯಲ್ಲಿ ನನಗೇ ಗದರಿದಳು.

೩. ಕಣ್ಣಿಗೆ ಕಂಡದ್ದು

ಎದೆ ಹೊಡೆದುಕೊಂಡಾಗ ಎದುರಿಗೆ ಕಂಡದ್ದನ್ನು ಒಂದೊಂದಾಗಿ ಹೆಸರಿಸಬೇಕೆಂದು ಮಗಳು ಕಾಲೇಜಿನಲ್ಲಿ ಕಲಿತು ಬಂದಿದ್ದಳು. ಎದುರಿಗೆ ಕೂತು, “ಪಪ್ಪಾ, ಏನೇನ್ ಕಾಣ್ತದ, ಸಾಂಗಾ, ಹೇಳ್ರಿ” ಎಂದಳು.

ಹೇಳಿದೆ: ಸೋರುವ ಮಾಳಿಗೆ, ನೀರು ಬಾರದ ನಲ್ಲಿ, ಮದುವೆಗೆ ಬಂದ ನೀನು.

ಒಳಗಿನಿಂದ ಹೆಂಡತಿ ಅಂದಳು: “ಸಾಕವ್ವ, ಅವ್ರಿಗಿ ಕಣ್ಣ್ ಮುಚಗೊಂಡು ಕೂಡಂತ ಹೇಳು.”

೪. ಸೋಮವಾರ

ಕಂಪನಿ ಡಾಕ್ಟರು, ಎಡಗೈ ಮುಂದೆ ಹಿಡಿ, ಅಂಗೈ ಮೇಲಕ್ಕೆ ಎಂದರು. ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಶಿವನೇ ಗತಿ ಎಂದು ಹಿಡಿದೆ.

ಲಿಂಗ ಕಟ್ಟಿಕೊಂಡ ನಮಗೆ ಎಡ ಅಂಗೈ ಎಂದರೆ ಪೂಜೆಯ ಜಾಗ. ಚಿಕ್ಕಂದಿನಿಂದ ದಿನಾ ಬೆಳಿಗ್ಗೆ ಅದರಲ್ಲಿ ಲಿಂಗ ಇಟ್ಟುಕೊಂಡು ದಿಟ್ಟಿಸಿದವನು ನಾನು. ಬರಿದಾದ ಅಂಗೈಯಲ್ಲೂ ಕಣ್ಣು ತಾನಾಗಿ ನೆಟ್ಟಿತು. ಕೈ ಕಲ್ಲಿನಂತೆ ನಿಂತುಬಿಟ್ಟಿತು.

ಡಾಕ್ಟರು ಸಾಕು ಎಂದರು. ಮತ್ತೊಮ್ಮೆ ಜೋರಾಗಿ ಎಂದರು. ಮೇಜು ಬಡಿದರು. ನನಗೆಲ್ಲ ಕೇಳಿಸುತ್ತಿತ್ತು. ಆದರೆ ಪೂಜೆಯ ನಡುವೆ ಯಾರು ಕರೆದರೂ ಓಗೊಡುವ ರೂಢಿ ನಮ್ಮಲ್ಲಿಲ್ಲ. ಮನಸ್ಸಿನಲ್ಲೇ ನಮಸ್ಕಾರ ಮುಗಿಸಿ ತಲೆ ಎತ್ತಿದೆ.

ಡಾಕ್ಟರು ಸಾಹೇಬರ ಕಡೆ ತಿರುಗಿ, “ಕೈ ಪಕ್ಕಾ ಇದೆ. ಕಿವಿ ಪೂರಾ ಹೋಗಿದೆ. ಮುಂದಿನ ಸೋಮವಾರ ಕಿವಿ ನೋಡೋಣ, ಅಲ್ಲಿ ತನಕ ಮಷೀನ್ ಹತ್ತಿರ ಬಿಡಬೇಡಿ” ಎಂದರು.

“ಕೇಳಸ್ತದ್ರಿ ಸಾಹೇಬ್ರ,” ಅಂದೆ.

ಸಾಹೇಬರು ಮರುಕದಿಂದ ಡಾಕ್ಟರಿಗೆ ಹೇಳಿದರು: “ಪಾಪ, ತುಟಿ ನೋಡಿ ತಿಳ್ಕೊಳ್ತಾನೆ.”

ಎರಡೂ ಕೈ ಮತ್ತೆ ನಡುಗಲು ಹತ್ತಿದವು.