ದೊಡ್ಡಪ್ಪನ ಸೊಟ್ಟಮೂತಿ ಗೊಂಬೆಗಳು

ಬೇರೆ ಊರುಗಳಲ್ಲಿ ಮಕ್ಕಳು ಊಟ ಮಾಡದೆ ಹಟ ಹಿಡಿದರೆ ಗುಮ್ಮ ಬರ್ತಾನೆ ಅಂತ ಹೆದರಿಸುತ್ತಾರೆ. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಗುಮ್ಮನಿಗೆ ಕೆಲಸವೇ ಇರಲಿಲ್ಲ. "ಶಿರಸ್ತೇದಾರರ ಮನೆಯಿಂದ ಒಂದು ಗೊಂಬೆ ತರ್ಲೇನು?" ಅಂದರೆ ಸಾಕು, ಮಗು ತಟ್ಟೆ ಖಾಲಿ ಮಾಡಿ, ತಾನೇ ಬಾಯಿ ಒರೆಸಿಕೊಂಡು, ಹೋಗಿ ಮಲಗಿಬಿಡುತ್ತಿತ್ತು! ಆ ಶಿರಸ್ತೇದಾರರು ನಮ್ಮ ದೊಡ್ಡಪ್ಪ. ನಾನು ಮದುವೆಯಾಗಿ ಬಂದದ್ದೂ ಅದೇ ಬೀದಿಗೆ, ಅವರ ಮನೆಯ ಹತ್ತಿರಕ್ಕೇ. ಆದ್ದರಿಂದ ಈ ವಿಷಯದಲ್ಲಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಎದುರಿಗೆ ಕಾಣದೇ ಇದ್ದದ್ದನ್ನು ಕಿಟಕಿಯ ಸಂದಿಯಿಂದ ಕಂಡದ್ದು.

ನಮ್ಮದು ಅನುಮಾನದ ವಂಶ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಲಿನವಳು ಒಂದು ದಿನ ನೀರು ಬೆರೆಸದೆ ಹಾಲು ಕೊಟ್ಟರೆ, ಯಾಕೆ ಬೆರೆಸಲಿಲ್ಲ ಅಂತ ನಮ್ಮಲ್ಲಿ ಯೋಚನೆ ಹತ್ತಿಕೊಳ್ಳುತ್ತದೆ. ಈ ವಿದ್ಯೆಯಲ್ಲಿ ದೊಡ್ಡಪ್ಪ ಎಲ್ಲರಿಗೂ ಹಿರಿಯರು. ತಾಲ್ಲೂಕು ಕಚೇರಿಯಲ್ಲಿದ್ದಾಗ ಯಾವ ಕಾಗದ ಬಂದರೂ ಓದುವುದಕ್ಕೆ ಮುಂಚೆ ಅದರ ಬೆನ್ನನ್ನು ತಿರುಗಿಸಿ ನೋಡುತ್ತಿದ್ದರಂತೆ. ಪಿಂಚಣಿಯಾದ ಮೇಲೆ ಮನೆಗೆ ಬೀಗ ಹಾಕಿ, ಜಗ್ಗಿ, ಬೀದಿಯ ಕೊನೆಯವರೆಗೆ ಹೋಗಿ, ಮತ್ತೆ ಬಂದು ಜಗ್ಗುತ್ತಿದ್ದರು. ಇಂಥವರ ಮೇಲೆ ಊರೇ ಅನುಮಾನಪಡುವ ಕಾಲ ಒಂದು ಬಂತು.

ಅದು ಬಂದ ಬಗೆಯಲ್ಲಿ ನಗುವಂಥದ್ದೇನೂ ಇಲ್ಲ. ಅವರಿಗೆ ಇದ್ದವಳು ಒಬ್ಬಳೇ ಮಗಳು, ಕಮಲು. ನನಗಿಂತ ಸ್ವಲ್ಪ ಚಿಕ್ಕವಳು, ರಜಾ ದಿನಗಳಲ್ಲಿ ನನ್ನ ಜೊತೆಯಲ್ಲೇ ಆಡಿ ಬೆಳೆದವಳು. ಮದುವೆಯ ಮಾತು ನಡೆಯುತ್ತಿದ್ದಾಗಲೇ ವಿಷಮಶೀತ ಜ್ವರ ಬಂದು ಹೋಗಿಬಿಟ್ಟಳು. ಅವತ್ತಿನಿಂದ ದೊಡ್ಡಮ್ಮ ಮಾತು ಬಿಟ್ಟರು. ಅಡಿಗೆ ಮಾಡುತ್ತಿದ್ದರು, ಬಡಿಸುತ್ತಿದ್ದರು, ಬಾಗಿಲಿಗೆ ನೀರು ಹಾಕುತ್ತಿದ್ದರು. ಅಳು ಇಲ್ಲ, ಮಾತಿಲ್ಲ. ಕಮಲು ಅನ್ನುವ ಹೆಸರನ್ನು ಆ ಮನೆಯಲ್ಲಿ ಎತ್ತಕೂಡದು ಅಂತ ಯಾರೂ ಅಪ್ಪಣೆ ಮಾಡಲಿಲ್ಲ, ಆದರೂ ಯಾರೂ ಎತ್ತುತ್ತಿರಲಿಲ್ಲ. ದೊಡ್ಡಮ್ಮ ಹೀಗೇ ಮೂಕರಾಗಿ ಉಳಿದುಬಿಡುತ್ತಾರೇನೋ ಅನ್ನುವುದೊಂದೇ ನಮಗೆಲ್ಲ ಇದ್ದ ಭಯ.

ಉಪಚಾರವೇನು ಕಡಿಮೆಯಾಯಿತೆ? ಹಾಸನದ ಡಾಕ್ಟರು ನಾಲಗೆ ಚಾಚಿ ಅಂದರು, ದೊಡ್ಡಮ್ಮ ಚಾಚಿದರು. ನಾಲಗೆ ಚೆನ್ನಾಗಿದೆ ಅಂತ ಅವರು ಹೇಳಿದ್ದನ್ನು ಕೇಳಿಕೊಂಡು ರೈಲು ಹತ್ತಿ ಬಂದದ್ದಾಯಿತು. ದೇವಸ್ಥಾನಗಳನ್ನು ಸುತ್ತಿಸಿದ್ದಾಯಿತು, ಅರಕಲಗೂಡಿನ ಸೋದರಮಾವ ತಾಯಿತ ತಂದು ಕಟ್ಟಿದರು. ಕಡೆಗೆ ರುದ್ರಪಟ್ಟಣದಿಂದ ನಮ್ಮ ದೂರದ ನೆಂಟರಾದ ವಿದ್ವಾಂಸರೊಬ್ಬರನ್ನು ಕರೆಸಿ, ದೊಡ್ಡಮ್ಮನನ್ನು ಎದುರಿಗೆ ಕೂರಿಸಿ ಹಾಡಿಸಿದೆವು. ಅವರು ಕಣ್ಣು ಮುಚ್ಚಿಕೊಂಡು ತೋಡಿಯನ್ನು ವಿಸ್ತಾರ ಮಾಡುತ್ತಿದ್ದಾಗ ದೊಡ್ಡಮ್ಮ ಸದ್ದಿಲ್ಲದೆ ಎದ್ದುಹೋಗಿ ಅಕ್ಕಿ ತೊಳೆಯಲು ಕೂತರು. ವಿದ್ವಾಂಸರು ಕಣ್ಣು ಬಿಟ್ಟಾಗ ಅವರ ಸಭೆಯಲ್ಲಿ ಉಳಿದಿದ್ದವಳು ನಾನೊಬ್ಬಳೇ. ಸಂಗೀತದ ಗಂಧ ಇಲ್ಲದಿದ್ದರೂ ಇಬ್ಬರ ಪಾಲಿನ ತಲೆಯನ್ನೂ ನಾನೇ ತೂಗಿದೆ.

ಇದಾದ ಸ್ವಲ್ಪ ದಿನಕ್ಕೆ ದೊಡ್ಡಪ್ಪ ಮಹಡಿಯ ಕೋಣೆಗೆ ಬೀಗ ಹಾಕಿಕೊಳ್ಳಲು ಶುರುಮಾಡಿದರು. ಅದೂ ಒಳಗಿನಿಂದ ಚಿಲಕ, ಹೊರಗೆ ಹೋದರೆ ಬೀಗ. ಜೊತೆಗೆ ಆಗಾಗ್ಗೆ ಚನ್ನರಾಯಪಟ್ಟಣದ ಬಸ್ಸು ಹತ್ತಿ ಹೋಗಿ ಬರುತ್ತಿದ್ದರು. ಪಿಂಚಣಿದಾರರಿಗೆ ಚನ್ನರಾಯಪಟ್ಟಣದಲ್ಲಿ ಏನು ಕೆಲಸ? ನನಗೆ ನಿದ್ದೆ ಹತ್ತಲಿಲ್ಲ. ಆಗ ಬಂದ ನಮ್ಮ ಮನೆಗೆ ಬಳೆಗಾರ. ಬಳೆಯ ಮಲಾರ ಇಳಿಸಿದವನೇ ದನಿ ತಗ್ಗಿಸಿದ.

"ಏಳಬಾರ್ದು ಅವ್ವಾರೇ, ಆದ್ರೂ ಏಳ್ತೀನಿ. ನಿಮ್ ದೊಡ್ಡಪ್ಪಾರು ಚನ್ರಾಯಪಟ್ಣದ್ ಸಂತೇಲಿ ಚೌರಿ ತಗಂಡ್ರು."

"ಚೌರೀನಾ? ಯಾರಿಗೆ?"

"ಅದ್ನೇ ನಾನೂ ಯೋಚ್ನೆ ಮಾಡ್ತಾ ಇವ್ನಿ. ರಿಬ್ಬನ್ನು ತಗಂಡ್ರು, ಮಣಿಸರ ತಗಂಡ್ರು. ಬಳೆ ಮಾತ್ರ ನನ್ತಾವ ಸಿಗಲಿಲ್ಲ. ಎಬ್ಬೆಟ್ಟಿಗೆ ಆಗೋವಂಥ ಬಳೆ ಬೇಕಂತೆ ಕಣ್ರವ್ವಾ."

ಚೌರಿ ಕೊಂಡಿದ್ದಾರೆ ಅಂದರೆ ಅಲ್ಲೊಬ್ಬಳು ಹೆಂಗಸಿದ್ದಾಳೆ. ಹೆಬ್ಬೆಟ್ಟಿನ ಗಾತ್ರದ ಬಳೆ ಕೇಳಿದ್ದಾರೆ ಅಂದರೆ ಕೂಸೂ ಹುಟ್ಟಿಬಿಟ್ಟಿದೆ! ಸಾಯಂಕಾಲ ನಮ್ಮ ಯಜಮಾನರು ಸ್ಕೂಲಿನಿಂದ ಬಂದು ಅಂಗಿ ಬಿಚ್ಚುವ ಮೊದಲೇ ಇದನ್ನೆಲ್ಲ ಅವರ ಮುಂದೆ ಇಟ್ಟೆ. ಅವರು ಕಾಫಿ ಪೂರ್ತಿ ಕುಡಿದು ಆಮೇಲೆ ಬಾಯಿ ಬಿಟ್ಟರು. "ಬೆಳಿಗ್ಗೆ ಬಸ್ಸಿಗೆ ಹೋಗಿ ಸಾಯಂಕಾಲದ ಬಸ್ಸಿಗೆ ಬಂದುಬಿಡ್ತಾರೆ. ಅಷ್ಟು ಹೊತ್ತಿನಲ್ಲಿ ಒಂದು ಸಂಸಾರ ನಡೆಸೋಕಾಗುತ್ತೇನೆ? ನಂಗೆ ಇಡೀ ದಿನ ಸಾಲದು."

ಇಂಥವರನ್ನು ಕಟ್ಟಿಕೊಂಡು ಯಾವ ಗುಟ್ಟನ್ನು ಹೊರಗೆಳೆಯಲು ಆಗುತ್ತದೆ? ನಾನೇ ಹೊರಟೆ. ಹುರಿಟ್ಟಿನ ಡಬ್ಬಿ ಕೊಡುವ ನೆಪದಲ್ಲಿ ಮೆಟ್ಟಿಲು ಹತ್ತಿದಾಗ ದೊಡ್ಡಪ್ಪ ಅಪರೂಪಕ್ಕೆ ಚಿಲಕ ಮರೆತಿದ್ದರು. ಬಾಗಿಲು ಸರಿಸಿ ನೋಡಿದರೆ ಮೇಜಿನ ಮೇಲೆ ಒಂದು ತಲೆ! ಮೈ ಇಲ್ಲ, ತಲೆ ಮಾತ್ರ. ಅದರ ಮೇಲೆ ಉದ್ದನೆಯ ಚೌರಿ, ಹಣೆಯ ನಡುವೆ ಚುಚ್ಚಿ ನಿಲ್ಲಿಸಿದ್ದ ಸೂಜಿ. ನಾನು ಮೆಟ್ಟಿಲು ಇಳಿದೆ ಅನ್ನುವುದಕ್ಕಿಂತ ಕೆಳಗೆ ಬಂದು ಸೇರಿದೆ ಅನ್ನುವುದೇ ಸರಿ. ಹುರಿಟ್ಟೂ ನನ್ನ ಹಿಂದೆಯೇ ಬಂತು.

"ಮಾಟ ಕಣೇ," ಅಂದರು ಪಕ್ಕದ ಮನೆಯ ಲಕ್ಷ್ಮೀದೇವಮ್ಮ, ನಾನು ಹೇಳಿ ಮುಗಿಸುವ ಮೊದಲೇ. ಆ ಮಾತು ಸಾಯಂಕಾಲದ ಒಳಗೆ ನದಿಯ ಸೋಪಾನಕಟ್ಟೆಯವರೆಗೆ ತಲುಪಿತು. ಅಲ್ಲಿಂದ ಮುಂದೆ ನಮ್ಮ ಬೀದಿಯ ಹೆಂಗಸರು ತಲೆ ಬಾಚಿ ಉದುರಿದ ಕೂದಲನ್ನು ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಓಡಾಡಿದರು. ಹರಿದ ರವಿಕೆಯನ್ನು ಒಗೆದು ಒಣಹಾಕಿದರೆ ಕಾವಲಿಗೆ ಒಬ್ಬರು ಕೂರುತ್ತಿದ್ದರು. ದರ್ಜಿ ತನ್ನ ಅಂಗಡಿಯ ತುಂಡುಬಟ್ಟೆಗಳನ್ನೆಲ್ಲ ದೊಡ್ಡಪ್ಪನಿಗೆ ಕೊಡುತ್ತಿದ್ದಾನೆ ಅಂತ ಗೊತ್ತಾದ ಮೇಲಂತೂ ಅವನ ಹತ್ತಿರ ಕುಪ್ಪಸ ಹೊಲಿಸುವವರೇ ಇಲ್ಲವಾದರು.

ದೊಡ್ಡಪ್ಪ ಒಂದನ್ನು ಕೆಳಗೆ ತಂದಿಟ್ಟು, ಅದು ಗೊಂಬೆ ಅಂತ ಬೀದಿಗೆ ತಿಳಿದ ಮೇಲಾದರೂ ಸಮಾಧಾನವಾಯಿತೆ? ಇನ್ನೂ ಕೆಟ್ಟಿತು. ಸಾವಾದ ಮನೆಯಲ್ಲಿ ಆ ವರ್ಷ ದಸರಾ ಗೊಂಬೆ ಕೂರಿಸುವ ಹಾಗಿಲ್ಲ. ದೊಡ್ಡಮ್ಮನ ಪೆಟ್ಟಿಗೆಯ ಗೊಂಬೆಗಳು ಪೆಟ್ಟಿಗೆಯಲ್ಲೇ ಉಳಿದಿದ್ದವು. ಹಿಂದೆಲ್ಲ ಅವರು ಪಟ್ಟದ ಗೊಂಬೆಗಳಿಗೆ ಹೊಲಿದು ಉಡಿಸುತ್ತಿದ್ದ ಸೀರೆ, ಪೇಟ ನೋಡಲು ಹಳೇಕೋಟೆಯಿಂದ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಅಂಥ ಮನೆಯಲ್ಲಿ, ಅಂಥ ವರ್ಷದಲ್ಲಿ, ಗಂಡಸು ಗೊಂಬೆ ಹೊಲಿಯುವುದೇ? ಬೀದಿಯ ಹಿರಿಯರು ಹೋಗಿ ಕೇಳಿದರು. ದೊಡ್ಡಪ್ಪ ಕಚೇರಿಯ ದನಿಯಲ್ಲೇ ಉತ್ತರ ಕೊಟ್ಟರು. "ಕೂರಿಸಬಾರದು ಅಂತ ಇದೆ. ಮಾಡಬಾರದು ಅಂತ ಎಲ್ಲಿದೆ? ಅಲ್ಲದೆ ನನ್ನ ಗೊಂಬೆ ಕೂರೋದೂ ಇಲ್ಲ. ಕೂರಿಸಿದರೆ ಬಿದ್ದುಹೋಗುತ್ತೆ."

ಅದು ನಿಜವೇ. ಒಂದರ ಕತ್ತು ಎದೆಯ ಮೇಲೆ ಜೋತುಬಿದ್ದಿತ್ತು, ಇನ್ನೊಂದರ ತೋಳು ಸೊಂಟದಿಂದ ಹೊರಟಿತ್ತು. ಮುಖದ ವಿಷಯ ಕೇಳಲೇಬೇಡಿ. ಒಂದು ಕಣ್ಣು ಹಣೆಯಲ್ಲಿ, ಇನ್ನೊಂದು ಕೆನ್ನೆಯಲ್ಲಿ, ಮೂಗು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ಹೊಲಿದು ಮುಗಿದದ್ದನ್ನೆಲ್ಲ ದೊಡ್ಡಪ್ಪ ತಂದು ನಡುಮನೆಯ ಗೋಡೆಗೆ ಒರಗಿಸಿಡುತ್ತಿದ್ದರು. ದೊಡ್ಡಮ್ಮ ಕಸ ಗುಡಿಸುವಾಗ ಅವನ್ನು ಸುತ್ತುಹಾಕಿಕೊಂಡು ಗುಡಿಸುತ್ತಿದ್ದರು. ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಅವರೆಕಾಯಿಯ ಕಾಲ ಬಂತು. ಒಂದು ದಿನ ನಾನೂ ದೊಡ್ಡಮ್ಮನೂ ನಡುಮನೆಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದೆವು. ಎದುರಿಗೆ ದೊಡ್ಡಪ್ಪ ಹೊಸದೊಂದು ಗೊಂಬೆಯ ತಲೆಯನ್ನು ಮೈಗೆ ಹೊಲಿಯುತ್ತಿದ್ದರು. ಹೊಲಿದು ನಿಲ್ಲಿಸಿದರು, ತಲೆ ಬಗ್ಗಿತು. ಬಿಚ್ಚಿ ಇನ್ನಷ್ಟು ಬೂರುಗದ ಹತ್ತಿ ತುರುಕಿ ಮತ್ತೆ ಹೊಲಿದರು, ಈ ಸಲ ಹಿಂದಕ್ಕೆ ಮಲಗಿತು. ಮೂರನೇ ಸಲಕ್ಕೆ ಕೈ ಹಾಕುತ್ತಿದ್ದಾಗ ಪಕ್ಕದಿಂದ ಒಂದು ದನಿ ಕೇಳಿಸಿತು.

"ಕತ್ತಿಗೆ ಮೊದ್ಲು ಬಿದಿರು ಕಡ್ಡಿ ಕೊಡಬೇಕು. ಇಲ್ದಿದ್ರೆ ತಲೆ ನಿಲ್ಲಲ್ಲ."

ನನ್ನ ಮಡಿಲಿನ ಕಾಳೆಲ್ಲ ಚೆಲ್ಲಿಹೋಯಿತು. ದೊಡ್ಡಮ್ಮ ಕಾಯಿ ಸುಲಿಯುತ್ತಲೇ ಇದ್ದರು. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈ ಮುಗಿಯುತ್ತಿದ್ದರು. ನಮ್ಮ ದೊಡ್ಡಪ್ಪ ಏನಂದರು ಗೊತ್ತೆ? ತಲೆಯನ್ನೂ ಎತ್ತದೆ, "ನಿಲ್ಲುತ್ತೆ," ಅಂದರು.

"ನಿಲ್ಲಲ್ಲ."

"ಯಾಕೆ ನಿಲ್ಲಲ್ಲ? ಇನ್ನೊಂದು ಹಿಡಿ ಹತ್ತಿ ತುಂಬಿದ್ರೆ ನಿಲ್ಲುತ್ತೆ."

"ಮೂಟೆ ತುಂಬಿದ್ರೂ ನಿಲ್ಲಲ್ಲ. ಕೊಡಿ ಇಲ್ಲಿ."

ಆ ಜಗಳ ರಾತ್ರಿ ಊಟಕ್ಕೆ ಎಲೆ ಹಾಕುವವರೆಗೆ ನಡೆಯಿತು. ನಾನು ಮಧ್ಯೆ ಬೀದಿಗೆ ಓಡಿ, ದೊಡ್ಡಪ್ಪ ದೊಡ್ಡಮ್ಮ ಜಗಳ ಆಡ್ತಿದ್ದಾರೆ ಅಂತ ಸಾರಿ ಬಂದೆ. ಮಾಟ ಅಂದಿದ್ದ ಲಕ್ಷ್ಮೀದೇವಮ್ಮ ಕಿಟಕಿಯ ಹೊರಗೆ ನಿಂತು ಆ ಬೈಗುಳವನ್ನು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಲ್ಲಿಂದ ದೊಡ್ಡಮ್ಮನೂ ಸೂಜಿ ಹಿಡಿದರು. ಗೊಂಬೆಗೆ ಲಂಗ ಹೊಲಿದರು, ಜರಿಯ ಚೂರಿನಿಂದ ಸೆರಗು ಮಾಡಿದರು. ಒಂದು ಮಧ್ಯಾಹ್ನ ಪುಟಾಣಿ ರವಿಕೆಯೊಂದನ್ನು ಹೊಲಿಯುತ್ತಾ ಹೊಲಿಯುತ್ತಾ ಅಳಲು ಶುರುಮಾಡಿ, ರವಿಕೆ ಮುಗಿಯುವವರೆಗೂ ಅತ್ತರು. ಅವತ್ತು ಹೊಟ್ಟೆ ತುಂಬ ಉಂಡರು. ಕೈಗೆ ಕೆಲಸ ಸಿಕ್ಕಿದ ಮೇಲೆ ಎದೆಗೂ ದಾರಿ ಸಿಕ್ಕಿತು ಅಂತ ನನಗನ್ನಿಸಿತು. ಮಗಳ ಹೆಸರನ್ನು ಮಾತ್ರ ಆಗಲೂ ಅವರು ಎತ್ತಲಿಲ್ಲ. ಅವರ ಗೊಂಬೆಗಳು ಊರಿನ ಹೆಣ್ಣುಮಕ್ಕಳ ಕೈ ಸೇರಿದವು. ದೊಡ್ಡಪ್ಪನವು ಊಟ ಮಾಡದ ಮಕ್ಕಳಿಗೆ ಮೀಸಲಾದವು.

ವರ್ಷಗಳು ಕಳೆದು ಸ್ವಾತಂತ್ರ್ಯ ಚಳವಳಿಯ ಕಾಲ ಬಂತು. ಕರಪತ್ರ ಹಂಚುವವರನ್ನು ಪೋಲೀಸರು ಹುಡುಕಿ ಹುಡುಕಿ ಹಿಡಿಯುತ್ತಿದ್ದರು. ನಾವು ಹಾಸನದ ನೆಂಟರ ಮನೆಗೆ ಹೊರಟು ಸ್ಟೇಷನ್ನಿನಲ್ಲಿ ನಿಂತಿದ್ದಾಗ, ದೊಡ್ಡಪ್ಪನ ಗಂಟಿನಲ್ಲಿದ್ದ ಗೊಂಬೆಗಳ ಮೇಲೆ ಪೇದೆಯೊಬ್ಬನ ಕಣ್ಣು ಬಿತ್ತು.

"ಇದರ ಒಟ್ಟೇಲಿ ಏನೈತೆ ಸಾ?"

"ಬೂರುಗದ ಹತ್ತಿ."

"ಎಲ್ರೂ ಅಂಗೇ ಅಂತಾರೆ ಸಾ," ಅಂದವನೇ ಒಂದರ ಹೊಟ್ಟೆ ಸೀಳಿದ. ಗಾಳಿ ಜೋರಾಗಿತ್ತು. ಪ್ಲಾಟ್‌ಫಾರಂ ತುಂಬ ಹತ್ತಿ ಹಾರಿ, ಸ್ಟೇಷನ್ ಮಾಸ್ಟರರ ಮೀಸೆಯ ಮೇಲೂ ಕೂತಿತು. ಪೇದೆ ಮುಖ ಸಪ್ಪಗೆ ಮಾಡಿಕೊಂಡು ಹೊರಡುವುದರಲ್ಲಿದ್ದ. ದೊಡ್ಡಪ್ಪ ಬಿಡಲಿಲ್ಲ. "ಅನುಮಾನ ಬಂದ ಮೇಲೆ ಪೂರ್ತಿ ನೋಡಬೇಕು. ಎರಡನೇದನ್ನ ಯಾಕೆ ಬಿಟ್ಟೆ? ಅದರೊಳಗೆ ಇದ್ದರೆ?" ಅಂತ ಇನ್ನೊಂದನ್ನು ಅವನ ಮುಂದೆ ಹಿಡಿದರು. ಪೇದೆ ಅದರ ಮುಖ ನೋಡಿ ಹಿಂದೆ ಸರಿದ. "ಬ್ಯಾಡಿ ಸಾ. ಅದು ನನ್ನೇ ನೋಡ್ತಾ ಐತೆ."

ಆ ಮುಖಗಳ ವಿಷಯದಲ್ಲೇ ನನಗೊಂದು ಅನುಮಾನ ಉಳಿದಿತ್ತು. ದೊಡ್ಡಮ್ಮ ಪಕ್ಕದಲ್ಲಿ ಕೂತು ಬೈದು ಬೈದು ಕಲಿಸಿದ ಮೇಲೆ ದೊಡ್ಡಪ್ಪನ ಗೊಂಬೆಗಳ ಕತ್ತು ನಿಂತಿತ್ತು, ಕೈಕಾಲು ಇರಬೇಕಾದ ಕಡೆ ಬಂದಿದ್ದವು, ಹೊಲಿಗೆ ನೇರವಾಗಿತ್ತು. ಮುಖ ಮಾತ್ರ ಅದೇ ಸೊಟ್ಟ. ದೊಡ್ಡಪ್ಪನ ಅಕ್ಷರವನ್ನು ನಾನು ಕಂಡವಳು. ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ಅಂಥ ಕೈಗೆ ಒಂದು ಮೂಗನ್ನು ಮುಖದ ಮಧ್ಯೆ ಇಡಲು ಬರುವುದಿಲ್ಲವೆ? ಹೆಂಡತಿ ಬೈಯಲಿ, ಬೈಯುತ್ತಾ ಮಾತಾಡುತ್ತಿರಲಿ ಅಂತ ಬೇಕೆಂದೇ ಕೆಡಿಸುತ್ತಾರೆ ಅನ್ನುವುದು ನನ್ನ ತೀರ್ಮಾನ. ನಮ್ಮ ಯಜಮಾನರು ಕೂಡ ಜೀವಮಾನದಲ್ಲಿ ಮೊದಲ ಸಲ ನನ್ನ ಮಾತಿಗೆ ಇರಬಹುದು ಅಂದರು.

ಒಂದು ಬೆಳಿಗ್ಗೆ ಕೇಳಿಯೇಬಿಟ್ಟೆ. ದೊಡ್ಡಪ್ಪ ಕಿಟಕಿಯ ಬೆಳಕಿಗೆ ಗೊಂಬೆ ಹಿಡಿದು ಕೂತಿದ್ದರು. ಮುಖ ಇನ್ನೂ ಬರಿದಾಗಿತ್ತು. ಅಡಿಗೆ ಮನೆಯಲ್ಲಿ ದೊಡ್ಡಮ್ಮ ಮಜ್ಜಿಗೆ ಕಡೆಯುತ್ತಿದ್ದರು.

"ನಿಜ ಹೇಳಿ ದೊಡ್ಡಪ್ಪ. ಬೇಕೂಂತ್ಲೇ ಸೊಟ್ಟ ಮಾಡ್ತೀರಲ್ವೆ?"

ಅವರು ದಾರವನ್ನು ಬೆರಳಿಗೆ ಸುತ್ತಿದರು.

"ಇಲ್ಲ ಕಣೇ," ಅಂದರು. "ಕೈಕಾಲು ಹೊಲಿಯೋವರೆಗೂ ಸರಿಯಾಗಿರ್ತೀನಿ. ಮುಖಕ್ಕೆ ಬಂದಾಗ ಕಮಲೂ ಥರ ಮಾಡೋಣ ಅಂತ ಹೊರಡ್ತೀನಿ. ಕಣ್ಣಲ್ಲಿ ನೀರು ತುಂಬ್ಕೊಂಡ್ಬಿಡುತ್ತೆ. ಏನೂ ಕಾಣ್ಸಲ್ಲ. ಸೂಜಿ ಎಲ್ಲಿ ಚುಚ್ಕೊಳುತ್ತೋ ಅಲ್ಲೇ ಕಣ್ಣು, ಅಲ್ಲೇ ಮೂಗು."

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

ಒಳಗೆ ಕಡೆಗೋಲಿನ ಸದ್ದು ನಿಂತಿತು. ಆ ಮನೆಯಲ್ಲಿ ಅಷ್ಟು ವರ್ಷಗಳ ಮೇಲೆ ಆ ಹೆಸರು ಕೇಳಿದ್ದು ಅದೇ ಮೊದಲು. ನಾವೆಲ್ಲ ದೊಡ್ಡಮ್ಮನನ್ನು ಡಾಕ್ಟರ ಹತ್ತಿರ, ದೇವರ ಹತ್ತಿರ ಕರೆದುಕೊಂಡು ತಿರುಗಿದ್ದೆವು. ದೊಡ್ಡಪ್ಪನನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಮಗಳು ಅವರಿಗೂ ಹೋಗಿದ್ದಳು.

ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಅವರ ಎದುರಿಗೆ ಕೂತರು. ಸೂಜಿಯನ್ನು ತಮ್ಮ ಕೈಗೆ ತೆಗೆದುಕೊಂಡು ಕಪ್ಪು ದಾರ ಪೋಣಿಸಿದರು.

"ನೀವು ತಲೆ ಗಟ್ಟಿಯಾಗಿ ಹಿಡ್ಕೊಳಿ. ಕಣ್ಣು ನಾನು ಇಡ್ತೀನಿ. ಕಮಲೂಗೆ ನಕ್ಕಾಗ ಎಡಗಣ್ಣು ಸ್ವಲ್ಪ ಚಿಕ್ಕದಾಗ್ತಿತ್ತು."

"ಎಡಗಣ್ಣಲ್ಲ, ಬಲಗಣ್ಣು."

"ಹೆತ್ತವಳು ನಾನು ಕಣ್ರೀ."

"ಎತ್ಕೊಂಡು ತಿರುಗಿದವನು ನಾನು."

ಇಬ್ಬರ ಕೆನ್ನೆಯ ಮೇಲೂ ನೀರು ಸುರಿಯುತ್ತಿತ್ತು, ಯಾರೂ ಒರೆಸಿಕೊಳ್ಳಲಿಲ್ಲ. ಎಡ, ಬಲ ಅಂತ ವಾದ ಬೆಳೆದು, ಕೊನೆಗೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಜೊತೇಲಿ ಆಡಿದವಳು ನೀನು, ನೀನೇ ಹೇಳೇ," ಅಂದರು ದೊಡ್ಡಮ್ಮ. "ಯಾವ ಕಣ್ಣು?"

ಎಡಗಣ್ಣು. ನನಗೆ ಚೆನ್ನಾಗಿ ಗೊತ್ತಿತ್ತು. ಹೇಳೋಣವೆಂದು ಬಾಯಿ ತೆರೆದೆ, ಬಂದದ್ದು ಅಳು. ಕಮಲು ನನಗೂ ಹೋಗಿದ್ದಳು.